ಮನೆಗೆ ಯಾವ ಓವನ್ ತರಬೇಕು? ಲೀಟರ್ ಆಮೇಲೆ, ಶಾಖ ಮೊದಲು

ಓವನ್ ತಗೊಳ್ಳೋಣ ಅಂತ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಲೀಟರ್ ಲೆಕ್ಕ. ಆಮೇಲೆ ಆಟೋ ಮೆನು, ಆಮೇಲೆ ಇಎಂಐ. ಇವೆಲ್ಲ ನೋಡಬೇಕಾದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಇದರೊಳಗೆ ಬಿಸಿ ಎಲ್ಲಿಂದ ಬರುತ್ತದೆ? ಮೇಲಿಂದಲೋ, ಕೆಳಗಿಂದಲೋ, ಹಿಂದಿನ ಫ್ಯಾನಿಂದಲೋ? ನಿಮ್ಮ ಮನೆಯಲ್ಲಿ ಬನ್ ಚೆನ್ನಾಗಿ ಬರುತ್ತದೋ, ಕೇಕ್ ಚೆನ್ನಾಗಿ ಬರುತ್ತದೋ, ಪನೀರ್ ಟಿಕ್ಕಾ ಚೆನ್ನಾಗಿ ಬರುತ್ತದೋ ಅನ್ನುವುದು ಇದರ ಮೇಲೆ ನಿಂತಿದೆ.

ಬೆಂಗಳೂರಿನವರಿಗೆ ಖಾರಾ ಬನ್ ಉದಾಹರಣೆ ಕೊಟ್ಟರೆ ಇದು ಬೇಗ ಅರ್ಥವಾಗುತ್ತದೆ. ಹಳೆಯ ಅಯ್ಯಂಗಾರ್ ಬೇಕರಿಗಳಲ್ಲಿ ಬನ್ ಬೇಯುತ್ತಿದ್ದದ್ದು ಸೌದೆ ಉರಿಸಿ ಕಾಯಿಸಿದ ಇಟ್ಟಿಗೆ ಗೂಡಿನಲ್ಲಿ. ಅದರ ನೆಲವೂ ಕಾದಿರುತ್ತದೆ, ಮೇಲಿನ ಕಮಾನೂ ಕಾದಿರುತ್ತದೆ. ಟ್ರೇ ಒಳಗೆ ಹೋದ ಕೂಡಲೇ ಬನ್ನಿನ ತಳಕ್ಕೂ ತಲೆಗೂ ಒಟ್ಟಿಗೆ ಬಿಸಿ ತಾಗುತ್ತದೆ. ತಳ ಗಟ್ಟಿಯಾಗಿ, ಮೇಲೆ ಕೆಂಪಗಾಗಿ, ಒಳಗೆ ಮೆತ್ತಗಿರುವುದು ಅದರಿಂದಲೇ. ಮನೆಯ ಓವನ್‌ಗಳಲ್ಲಿ ಈ ಮೂರೂ ತಾನಾಗಿ ಕೂಡಿ ಬರುವುದಿಲ್ಲ. ಒಂದೊಂದರಲ್ಲಿ ಒಂದೊಂದು ಕಡೆಯ ಬಿಸಿ ಜಾಸ್ತಿ, ಇನ್ನೊಂದು ಕಡೆಯದು ಕಡಿಮೆ. ನೀವು ಜಾಸ್ತಿ ಮಾಡುವ ತಿಂಡಿಗೆ ಯಾವ ಕಡೆಯ ಬಿಸಿ ಬೇಕು ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಓಟಿಜಿ

ಓಟಿಜಿ ಅಂದರೆ ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದೇ ಡಬ್ಬಿಯಲ್ಲಿ. ಇದರಲ್ಲಿ ಮೇಲೆ ಕಾಯುವ ರಾಡ್, ಕೆಳಗೂ ಒಂದು ರಾಡ್. ಎರಡನ್ನೂ ಒಟ್ಟಿಗೆ ಉರಿಸಬಹುದು, ಬೇಕಾದರೆ ಒಂದನ್ನೇ ಉರಿಸಬಹುದು. ಕೆಳಗಿನ ರಾಡ್ ಇರುವುದೇ ಇದರ ದೊಡ್ಡ ಗುಣ. ಬ್ರೆಡ್, ಪಲ್ಯದ ಬನ್, ಪಿಜ್ಜಾ, ಬೆಣ್ಣೆ ಬಿಸ್ಕತ್ತು, ಪಫ್, ಹೀಗೆ ತಳ ಚೆನ್ನಾಗಿ ಬೇಯಬೇಕಾದ ಯಾವುದಕ್ಕೂ ಮನೆಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಧನ ಈ ಬೆಲೆಗೆ ಸಿಗುವುದಿಲ್ಲ. 25ರಿಂದ 35 ಲೀಟರಿನದು ಸುಮಾರು 6,000ದಿಂದ 12,000 ರೂಪಾಯಿಯೊಳಗೆ ಬರುತ್ತದೆ. ಹೆಚ್ಚಿನವು 230 ಅಥವಾ 250 ಡಿಗ್ರಿವರೆಗೆ ಹೋಗುತ್ತವೆ. ಒಳಗೆ ಎಲೆಕ್ಟ್ರಾನಿಕ್ಸ್ ಕಡಿಮೆ, ಹಾಗಾಗಿ ರಿಪೇರಿಯೂ ಸುಲಭ.

ಇದರ ತೊಂದರೆ ಥರ್ಮೋಸ್ಟಾಟ್. ನಾಬನ್ನು 180ಕ್ಕೆ ಇಟ್ಟ ಮಾತ್ರಕ್ಕೆ ಒಳಗೆ 180 ಇರುವುದಿಲ್ಲ. ರಾಡ್ ಉರಿಯುತ್ತದೆ, ಬಿಸಿ 180 ದಾಟಿ ಮೇಲೆ ಹೋಗುತ್ತದೆ, ಆಗ ರಾಡ್ ಆರುತ್ತದೆ, ಬಿಸಿ ಕೆಳಗಿಳಿಯುತ್ತದೆ, ಮತ್ತೆ ಉರಿಯುತ್ತದೆ. 10-15 ಡಿಗ್ರಿ ಆಚೆ ಈಚೆ ಆಗುವುದು ಮಾಮೂಲು. ಕೆಲವು ಓವನ್‌ಗಳಲ್ಲಿ ನಾಬಿನ ಅಂಕಿಯೇ ಒಂದಷ್ಟು ತಪ್ಪಿರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಕೆಲವು ನೂರು ರೂಪಾಯಿಗೆ ಓವನ್ ಥರ್ಮಾಮೀಟರ್ ಸಿಗುತ್ತದೆ. ಅದನ್ನು ಒಳಗಿನ ಜಾಲರಿಗೆ ನೇತುಹಾಕಿ. ಓವನ್ ತಗೊಂಡ ದಿನವೇ ಇದನ್ನೂ ತಗೊಳ್ಳಿ, ನನ್ನ ಪ್ರಕಾರ ಇದು ಟ್ರೇಯಷ್ಟೇ ಮುಖ್ಯ.

ಗಾತ್ರದ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ಕೇಕ್, ಬ್ರೆಡ್ ಮಾಡುವ ಆಸೆ ಇದ್ದರೆ 25 ಲೀಟರಿಗಿಂತ ಚಿಕ್ಕ ಓಟಿಜಿ ಬೇಡ. 10-16 ಲೀಟರಿನ ಡಬ್ಬಿಯಲ್ಲಿ ಮೇಲಿನ ರಾಡ್ ಕೇಕಿಗೆ ತೀರಾ ಹತ್ತಿರ ಇರುತ್ತದೆ. ಕೇಕ್ ಉಬ್ಬುತ್ತಾ ಹೋದ ಹಾಗೆ ಇನ್ನೂ ಹತ್ತಿರವಾಗುತ್ತದೆ. ಮೇಲೆ ಕಪ್ಪು, ಕಡ್ಡಿ ಚುಚ್ಚಿದರೆ ನಡುವೆ ಹಸಿ. ಟೋಸ್ಟ್‌ಗೆ, ನಾಲ್ಕು ಬಿಸ್ಕತ್ತಿಗೆ ಆದರೆ ಚಿಕ್ಕದು ಸಾಕು. ಇನ್ನೊಂದು ಕಡೆ, ಮೂರು ಜನರ ಮನೆಗೆ 60 ಲೀಟರ್ ತಂದರೆ ಒಂದು ಬಟ್ಟಲು ಹಿಟ್ಟಿನ ಕೇಕಿಗೆ ಅಷ್ಟೂ ಜಾಗ ಕಾಯಿಸಬೇಕು. 30 ಲೀಟರ್ ಆಸುಪಾಸು ಬಹಳ ಮನೆಗಳಿಗೆ ಹೊಂದುತ್ತದೆ.

ಫ್ಯಾನ್ ಇರುವ ಓಟಿಜಿ ತಗೊಳ್ಳಬೇಕಾ? ಸ್ವಲ್ಪ ಜಾಸ್ತಿ ಕೊಟ್ಟರೂ ತಗೊಳ್ಳಿ, ಆದರೆ ಫ್ಯಾನನ್ನು ಬೇಡವಾದಾಗ ಆರಿಸಲು ಬರುವಂಥದ್ದೇ ಇರಲಿ. ಬಿಸ್ಕತ್ತು, ಬನ್, ಹುರಿದ ತರಕಾರಿ, ಪಫ್ ಇವಕ್ಕೆ ಗಾಳಿ ಒಳ್ಳೆಯದು, ಎಲ್ಲ ಮೂಲೆಗೂ ಬಣ್ಣ ಬರುತ್ತದೆ. ಸ್ಪಾಂಜ್ ಕೇಕ್, ಕಸ್ಟರ್ಡ್, ಗಂಟೆಗಟ್ಟಲೆ ಬೇಯುವ ಪ್ಲಮ್ ಕೇಕ್ ಇವಕ್ಕೆ ಗಾಳಿ ಬೇಡ. ಮೇಲ್ಮೈ ಬೇಗ ಒಣಗಿ ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಇನ್ನೂ ಉಬ್ಬುತ್ತಾ ಬಂದು ಅದನ್ನು ಸೀಳುತ್ತದೆ. ಫ್ಯಾನ್ ಹಾಕಿದಾಗ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ 15-20 ಡಿಗ್ರಿ ಕಡಿಮೆ ಇಡಿ. 180 ಅಂದಿದ್ದರೆ 160-165 ಸಾಕು.

ಕನ್ವೆಕ್ಷನ್ ಮೈಕ್ರೋವೇವ್

ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಜಾಸ್ತಿ ಜನ ಇದಕ್ಕೆ ಒಲಿಯುತ್ತಾರೆ. ಕಾರಣವೂ ಸರಿಯಾಗಿದೆ. ಅಡುಗೆಕಟ್ಟೆಯ ಮೇಲೆ ಜಾಗ ಕಡಿಮೆ, ಬೆಳಿಗ್ಗೆಯ ಸಾರು ಬಿಸಿ ಮಾಡುವುದೂ ಆಗಬೇಕು, ಭಾನುವಾರ ಕೇಕೂ ಆಗಬೇಕು. ಒಂದೇ ಡಬ್ಬಿಯಲ್ಲಿ ಎರಡೂ ಆಗುತ್ತದೆ ಅಲ್ವಾ? ಆಗುತ್ತದೆ. 28 ಲೀಟರ್ ಆಸುಪಾಸಿನದು ಸುಮಾರು 12,000ದಿಂದ 20,000 ರೂಪಾಯಿ.

ಇಲ್ಲಿ ಬಿಸಿ ಬರುವ ದಾರಿಯೇ ಬೇರೆ. ಕಾಯುವ ಭಾಗವೂ ಫ್ಯಾನೂ ಸಾಮಾನ್ಯವಾಗಿ ಹಿಂದಿನ ಗೋಡೆಯಲ್ಲಿ ಅಥವಾ ಮೇಲೆ ಇರುತ್ತವೆ. ಬಿಸಿ ಗಾಳಿ ಸುತ್ತುತ್ತದೆ, ತಟ್ಟೆ ತಿರುಗುತ್ತದೆ. ಹಾಗಾಗಿ ಸುತ್ತಲೂ ಒಂದೇ ಸಮ ಬೇಯುತ್ತದೆ. ಗಾಳಿ ಬೇಡದ ಸ್ಪಾಂಜ್, ಪ್ಲಮ್ ಬಿಟ್ಟರೆ ಉಳಿದ ಕೇಕಿಗೆ, ಮಫಿನ್‌ಗೆ ಇದು ತುಂಬಾ ಹೊಂದುತ್ತದೆ. ಉಷ್ಣಾಂಶವೂ ಅಗ್ಗದ ಓಟಿಜಿಗಿಂತ ಸ್ಥಿರವಾಗಿರುತ್ತದೆ. ಆದರೆ ಹೆಚ್ಚಿನವುಗಳಲ್ಲಿ ಕೆಳಗೆ ರಾಡ್ ಇಲ್ಲ. ಪಿಜ್ಜಾದ ಮೇಲೆ ಚೀಸ್ ಕರಗಿ ಕೆಂಪಾಗಿರುತ್ತದೆ, ತಳ ಬೆಳ್ಳಗೆ, ಮೆತ್ತಗೆ ಉಳಿದಿರುತ್ತದೆ. ಬ್ರೆಡ್ಡಿಗೂ ಇದೇ ಕಥೆ. ಬ್ರೆಡ್ ಬೆಂದ ಮೇಲೆ ಟಿನ್ನಿಂದ ತೆಗೆದು ಜಾಲರಿಯ ಮೇಲೆ ತಲೆಕೆಳಗಾಗಿ ಇಟ್ಟು ಇನ್ನೊಂದು 5 ನಿಮಿಷ ಬೇಯಿಸಿದರೆ ತಳಕ್ಕೆ ಒಂದಷ್ಟು ಬಣ್ಣ ಬರುತ್ತದೆ. ಕೆಲವು ಮಾಡೆಲ್‌ಗಳ ಜೊತೆ ತಳ ಗರಿಯಾಗಿಸುವ ಕ್ರಿಸ್ಪ್ ಪ್ಲೇಟ್ ಕೊಡುತ್ತಾರೆ. ಪಿಜ್ಜಾ ಮುಖ್ಯ ಅನ್ನುವವರು ಅದು ಇದೆಯೇ ಅಂತ ಕೇಳಿಯೇ ತಗೊಳ್ಳಿ.

ಮೂರು ವಿಷಯ ನೆನಪಿಡಿ. ಕನ್ವೆಕ್ಷನ್ ಮೋಡ್‌ನಲ್ಲಿ ಅಲ್ಯೂಮಿನಿಯಂ ಟಿನ್ ಇಡಬಹುದು, ಮೈಕ್ರೋವೇವ್ ಮೋಡ್‌ನಲ್ಲಿ ಇಡಬಾರದು. ಎರಡೂ ಬೆರೆಯುವ ಕಾಂಬಿ ಮೋಡ್‌ಗೆ ಜೊತೆಗೆ ಬಂದ ಪುಸ್ತಕ ಏನು ಹೇಳುತ್ತದೋ ಹಾಗೆ ನಡೆಯಿರಿ. ಎರಡನೆಯದು, ಟಿನ್ನನ್ನು ಗಾಜಿನ ತಟ್ಟೆಯ ಮೇಲೆ ನೇರವಾಗಿ ಇಡದೆ ಕುಳ್ಳ ಸ್ಟ್ಯಾಂಡಿನ ಮೇಲೆ ಇಡಿ, ಕೆಳಗೂ ಗಾಳಿ ಆಡಲಿ. ಮೂರನೆಯದು, ಚೌಕದ ಟಿನ್ ತರುವ ಮುಂಚೆ ತಟ್ಟೆ ತಿರುಗುವ ಸುತ್ತನ್ನು ಅಳೆಯಿರಿ. ಮೂಲೆ ಗೋಡೆಗೆ ತಾಗಿದರೆ ತಟ್ಟೆ ತಿರುಗುವುದಿಲ್ಲ, ಕೇಕ್ ಒಂದೇ ಕಡೆ ಬೇಯುತ್ತದೆ.

ಬಿಲ್ಟ್-ಇನ್, ಏರ್ ಫ್ರೈಯರ್, ಕುಕ್ಕರ್

ಮಾಡ್ಯುಲರ್ ಅಡುಗೆಮನೆಯಲ್ಲಿ ಕೂರಿಸುವ ಬಿಲ್ಟ್-ಇನ್ ಓವನ್ 60 ಲೀಟರ್ ಮೇಲ್ಪಟ್ಟದ್ದು. ಮೇಲೆ, ಕೆಳಗೆ, ಹಿಂದೆ ಮೂರೂ ಕಡೆ ಬಿಸಿ. ಗೋಡೆ ದಪ್ಪ, ಬಾಗಿಲು ತೆಗೆದರೂ ಬಿಸಿ ಬೇಗ ಇಳಿಯುವುದಿಲ್ಲ. ಅಡುಗೆಯ ಗುಣ ಒಂದನ್ನೇ ನೋಡಿದರೆ ಇದೇ ಎಲ್ಲಕ್ಕಿಂತ ಮೇಲು. ಆದರೆ ಬೆಲೆ ಓಟಿಜಿಯ ಹಲವು ಪಟ್ಟು, ಪ್ರತ್ಯೇಕ ವೈರಿಂಗ್ ಬೇಕು, ಮನೆ ಬದಲಾಯಿಸಿದರೆ ಬಿಚ್ಚಿ ಒಯ್ಯುವುದು ತಲೆನೋವು. ಬಾಡಿಗೆ ಮನೆಯವರಿಗೆ ಬೇಡ. ಸ್ವಂತ ಮನೆ ಕಟ್ಟುತ್ತಿರುವವರು, ಈಗ ಓವನ್ ಕೊಳ್ಳದಿದ್ದರೂ, ಅದಕ್ಕೊಂದು ಪವರ್ ಲೈನ್ ಎಳೆಸಿಡಿ. ಗೋಡೆ ಮುಗಿದ ಮೇಲೆ ಎಳೆಸುವುದು ಕಷ್ಟ.

ಏರ್ ಫ್ರೈಯರ್ ಅಂದರೆ ಬುಟ್ಟಿಯಷ್ಟು ಜಾಗದಲ್ಲಿ ಜೋರಾಗಿ ಗಾಳಿ ಬೀಸುವ ಚಿಕ್ಕ ಓವನ್ನೇ. ಗೆಣಸು, ಬೇಬಿ ಪೊಟ್ಯಾಟೊ, ಪನೀರ್, ಉಳಿದ ಪಫ್ ಮತ್ತೆ ಗರಿಯಾಗಿಸುವುದು ಇವಕ್ಕೆ ಬಹಳ ಒಳ್ಳೆಯದು. ಬೇಗ ಕಾಯುತ್ತದೆ, ಇಬ್ಬರ ಮನೆಗೆ ದಿನಾ ಉಪಯೋಗಕ್ಕೆ ಬರುತ್ತದೆ. ಕೇಕಿಗೆ ಮಾತ್ರ ಇದು ಮೊದಲ ಆಯ್ಕೆ ಅಲ್ಲ. 6 ಇಂಚಿನ ಟಿನ್ ಹಿಡಿಯಬಹುದು, ಆದರೆ ಗಾಳಿಯ ರಭಸಕ್ಕೆ ಮೇಲ್ಭಾಗ ಬಿರಿಯುತ್ತದೆ. ಮೇಲೆ ಫಾಯಿಲ್ ಮುಚ್ಚುವುದಾದರೆ ಅಂಚನ್ನು ಟಿನ್ನಿನ ಅಡಿಗೆ ಬಿಗಿಯಾಗಿ ಮಡಚಿ. ಸುಮ್ನೆ ಹೊದಿಸಿದರೆ ಅದು ಹಾರಿ ಮೇಲಿನ ಕಾದ ಕಾಯಿಲ್‌ಗೆ ತಾಗುತ್ತದೆ, ಅಪಾಯ.

ಯಾವುದನ್ನೂ ಕೊಳ್ಳುವ ಮೊದಲು ಕೈ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ಕುಕ್ಕರ್ ಇದ್ದೇ ಇದೆ. ಗ್ಯಾಸ್ಕೆಟ್ ತೆಗೆದು, ವೆಯ್ಟ್ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, 10 ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಬೇಯಿಸುವ ಕೇಕ್ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆಗಿದೆ. ಕೇಕ್ ಚೆನ್ನಾಗಿಯೇ ಬೇಯುತ್ತದೆ, ಮೇಲೆ ಬಣ್ಣ ಬರುವುದಿಲ್ಲ ಅಷ್ಟೆ. ಇಲ್ಲಿ ಬಿಸಿಯೆಲ್ಲ ತಳದಿಂದ.

ಪ್ಲಗ್ ಮತ್ತು ಕರೆಂಟ್

ಇದನ್ನು ಬಹಳ ಜನ ಓವನ್ ಮನೆಗೆ ಬಂದ ಮೇಲೆ ನೋಡುತ್ತಾರೆ. ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರ್. ನಮ್ಮ 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ತಡೆಯುವುದು 1,380 ವಾಟ್. 30 ಲೀಟರಿನ ಓಟಿಜಿ ಸಾಮಾನ್ಯವಾಗಿ 1,500 ವಾಟ್ ಅಥವಾ ಜಾಸ್ತಿ, ಕನ್ವೆಕ್ಷನ್ ಮೈಕ್ರೋವೇವ್ 2,000 ವಾಟ್ ದಾಟಬಹುದು. ಎರಡಕ್ಕೂ 16 ಆಂಪಿಯರ್‌ನ ದೊಡ್ಡ ಪಾಯಿಂಟೇ ಬೇಕು. ಜಯನಗರ, ಮಲ್ಲೇಶ್ವರದಂಥ ಹಳೆ ಬಡಾವಣೆಗಳ ಹಳೆಯ ಮನೆಗಳಲ್ಲಿ ಅಡುಗೆಮನೆಯಲ್ಲಿ ದೊಡ್ಡ ಪಾಯಿಂಟ್ ಇಲ್ಲದೇ ಇರಬಹುದು, ಮೊದಲೇ ನೋಡಿಕೊಳ್ಳಿ. ಮಲ್ಟಿಪ್ಲಗ್, ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ. ಮನೆಯ ಯುಪಿಎಸ್ ಮೇಲೆ ಓವನ್ ಓಡಿಸುವ ಯೋಚನೆಯೂ ಬೇಡ. ಬೆಸ್ಕಾಂನವರು ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಹಾಕಿರುತ್ತಾರೆ. ಅದನ್ನು ನೋಡಿಕೊಂಡು ಬ್ರೆಡ್ ಹಿಟ್ಟು ನಾದಿ.

ಬಿಲ್ ಎಷ್ಟಾಗುತ್ತದೆ? 1,500 ವಾಟಿನ ಓಟಿಜಿ ಒಂದು ಗಂಟೆ ಓಡಿದರೆ, ರಾಡ್ ನಡುನಡುವೆ ಆರುವುದರಿಂದ, ಸುಮಾರು ಒಂದು ಯೂನಿಟ್. ವಾರಕ್ಕೆರಡು ಸಲ ಮಾಡಿದರೆ ತಿಂಗಳಿಗೆ 8-10 ಯೂನಿಟ್. ಗೃಹಜ್ಯೋತಿ ಇರುವ ಮನೆಯವರು ಒಂದು ಮಾತು ನೆನಪಿಡಿ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗೀಸರ್ ಇರುವ ಮನೆಯಲ್ಲಿ ನೀವು ಈಗಾಗಲೇ 190ರ ಹತ್ತಿರ ಇದ್ದರೆ, ಓವನ್ ನಿಮ್ಮನ್ನು ಆಚೆ ದಾಟಿಸಬಹುದು. ಒಮ್ಮೆ ಕಾಯಿಸಿದಾಗಲೇ ಎರಡು ಮೂರು ಕೆಲಸ ಮುಗಿಸುವುದು ಜಾಣತನ. ಮೊದಲು ಬನ್, ಆಮೇಲೆ ಬಿಸ್ಕತ್ತು, ಕೊನೆಗೆ ಓವನ್ ಆರಿಸಿ ಉಳಿದ ಬಿಸಿಯಲ್ಲಿ ಬ್ರೆಡ್ ಚೂರು ಒಣಗಿಸಿ ರಸ್ಕ್.

ಹಾಗಾದರೆ ಯಾರಿಗೆ ಯಾವುದು?

ಬ್ರೆಡ್, ಬನ್, ಪಿಜ್ಜಾ, ಬಿಸ್ಕತ್ತು ಮಾಡಬೇಕು ಅನ್ನುವ ಹಟ ಇರುವವರಿಗೆ ಓಟಿಜಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಈಗಾಗಲೇ ಮನೆಯಲ್ಲಿ ಸಾದಾ ಮೈಕ್ರೋವೇವ್ ಇದ್ದರೆ ಅದನ್ನು ಮಾರಿ ಕನ್ವೆಕ್ಷನ್ ತರುವುದಕ್ಕಿಂತ ಪಕ್ಕದಲ್ಲಿ ಓಟಿಜಿ ಇಡುವುದು ಮೇಲು, ಜಾಗ ಇದ್ದರೆ. ಒಂದೇ ಯಂತ್ರಕ್ಕೆ ಜಾಗ, ಅದರಲ್ಲಿ ಹುಟ್ಟುಹಬ್ಬದ ಕೇಕೂ ಆಗಬೇಕು, ದಿನದ ಅನ್ನವೂ ಬಿಸಿಯಾಗಬೇಕು ಅಂದರೆ ಕನ್ವೆಕ್ಷನ್ ಮೈಕ್ರೋವೇವ್. ಮನೆಯಿಂದಲೇ ಕೇಕ್ ಮಾಡಿ ಮಾರುವವರು ಇವೆರಡರ ನಡುವೆ ಅಲೆಯದೆ, ಎರಡು ಟಿನ್ ಒಟ್ಟಿಗೆ ಹಿಡಿಯುವ 45-60 ಲೀಟರಿನ ಓಟಿಜಿಯನ್ನೋ ಬಿಲ್ಟ್-ಇನ್ನನ್ನೋ ನೋಡಿ. ಕರಿದದ್ದು ಕಡಿಮೆ ಮಾಡಬೇಕು, ಬೇಕಿಂಗ್ ಅಷ್ಟಾಗಿ ಬೇಡ ಅನ್ನುವ ಚಿಕ್ಕ ಸಂಸಾರಕ್ಕೆ ಏರ್ ಫ್ರೈಯರ್ ಸಾಕು.

ಟಿನ್‌ನಲ್ಲೂ ಆಯ್ಕೆ ಇದೆ

ಓವನ್ನಿಗೆ ಸಾವಿರಗಟ್ಟಲೆ ಕೊಟ್ಟು ಟಿನ್ ಯಾವುದಾದರೇನು ಅನ್ನಬಾರದು. ಬಿಸಿ ಹಿಟ್ಟಿಗೆ ತಲುಪುವುದು ಟಿನ್ ಮೂಲಕವೇ. ಕೇಕಿಗೆ ತಿಳಿ ಬಣ್ಣದ ಅಲ್ಯೂಮಿನಿಯಂ ಟಿನ್ ಎಲ್ಲಕ್ಕಿಂತ ನಂಬಿಕೆಯದು, ಬೆಲೆಯೂ ಕಡಿಮೆ. ಚಿಕ್ಕಪೇಟೆ ಕಡೆಯ ಪಾತ್ರೆ ಅಂಗಡಿಗಳಲ್ಲೂ ಸಿಗುತ್ತದೆ. ಕಪ್ಪು ನಾನ್‌ಸ್ಟಿಕ್ ಟಿನ್ ಬಿಸಿಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಅಂಚು, ತಳ ಬೇಗ ಕೆಂಪಾಗುತ್ತವೆ, ಹಾಗಾಗಿ 10-15 ಡಿಗ್ರಿ ಇಳಿಸಿ. ಬ್ರೆಡ್ಡಿಗೆ ಇದೇ ಗುಣ ಒಳ್ಳೆಯದು. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ತಳ ಬೆಳ್ಳಗೆ ಉಳಿಯುತ್ತದೆ ಅನ್ನುವವರು ಕಪ್ಪು ಟಿನ್ನನ್ನೇ ಬಳಸಿ. ಗಾಜಿನ ಪಾತ್ರೆ ನಿಧಾನ ಕಾದು ನಿಧಾನ ಆರುತ್ತದೆ, ಬೇಕ್ಡ್ ತರಕಾರಿಗೆ ಸರಿ, ಸ್ಪಾಂಜಿಗೆ ಬೇಡ. ಸಿಲಿಕೋನಿನಲ್ಲಿ ಬಣ್ಣ ಬರುವುದಿಲ್ಲ. ಯಾವ ಟಿನ್ ಆದರೂ ಓವನ್ ಗೋಡೆಯಿಂದ ಎರಡು ಬೆರಳಿನಷ್ಟಾದರೂ ದೂರ ಇರಲಿ.

ಓಟಿಜಿ ಇರುವವರಿಗೆ ಒಂದು ಉಪಾಯ ಹೇಳಲೇಬೇಕು. ಹಿಡಿ ಇಲ್ಲದ ಬೀಡಿನ ದೋಸೆ ಕಾವಲಿಯನ್ನು ಕೆಳಗಿನ ಜಾಲರಿಯ ಮೇಲಿಟ್ಟು, 230ರಲ್ಲಿ ಅರ್ಧ ಗಂಟೆ ಕಾಯಿಸಿ. ಪಿಜ್ಜಾವನ್ನು ನೇರ ಅದರ ಮೇಲೆ ಜಾರಿಸಿ. ಖಾರಾ ಬನ್ ಆದರೆ 200ಕ್ಕೆ ಇಳಿಸಿ, ತೆಳು ಅಲ್ಯೂಮಿನಿಯಂ ಟ್ರೇಯಲ್ಲಿ ಬನ್ ಜೋಡಿಸಿ ಟ್ರೇಯನ್ನು ಕಾವಲಿಯ ಮೇಲೆ ಇಡಿ. ಇಟ್ಟಿಗೆ ಗೂಡಿನ ಕಾದ ನೆಲ ಮಾಡುತ್ತಿದ್ದ ಕೆಲಸವನ್ನು ಈ ಕಾವಲಿ ಮಾಡುತ್ತದೆ. ಬಾಗಿಲು ತೆಗೆದಾಗ ಗಾಳಿಯ ಬಿಸಿ ಇಳಿದರೂ ಕಬ್ಬಿಣದ ಬಿಸಿ ಇಳಿಯುವುದಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿದ ಬನ್ 15-18 ನಿಮಿಷಕ್ಕೆ ತಳ ಕೆಂಪಾಗಿ ಬರುತ್ತದೆ. ಹೊರತೆಗೆದ ಕೂಡಲೇ ನಂದಿನಿ ಬೆಣ್ಣೆ ಸವರಿ. ಮೈಕ್ರೋವೇವ್‌ನ ಗಾಜಿನ ತಟ್ಟೆಯ ಮೇಲೆ ಮಾತ್ರ ಇಷ್ಟು ಭಾರದ ಕಾವಲಿ ಇಡಬೇಡಿ.

ನಮ್ಮ ಊರಿನ ಹವೆಗೆ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಇಲ್ಲಿ 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಕೇಕಿನೊಳಗಿನ ಗುಳ್ಳೆ ಸ್ವಲ್ಪ ಬೇಗ ಹಿಗ್ಗುತ್ತದೆ. ಬೇರೆ ದೇಶದ ಪಾಕವಿಧಾನ ಹಿಡಿದು ಮಾಡಿದ ಕೇಕ್ ಚೆನ್ನಾಗಿ ಉಬ್ಬಿ ಆಮೇಲೆ ನಡುವೆ ಕುಸಿಯುತ್ತಿದ್ದರೆ, ಬೇಕಿಂಗ್ ಪೌಡರನ್ನು ಚಮಚಕ್ಕೊಂದು ಚಿಟಿಕೆ ಕಡಿಮೆ ಮಾಡಿ, ಹಾಲು ಒಂದು ಚಮಚ ಜಾಸ್ತಿ ಹಾಕಿ ನೋಡಿ. ಮೊಟ್ಟೆ ಇಲ್ಲದೆ ಮೊಸರು, ಸೋಡಾ ಹಾಕಿ ಮಾಡುವ ಕೇಕಿಗೆ ಇನ್ನೊಂದು ಎಚ್ಚರ ಬೇಕು. ಮೊಸರು ಸೋಡಾ ಸೇರಿದ ಕ್ಷಣದಿಂದ ಗುಳ್ಳೆ ಶುರು. ಓವನ್ ಆಗಲೇ ಕಾದು ಸಿದ್ಧವಾಗಿರಬೇಕು, ಹಿಟ್ಟು ಕಾಯಬಾರದು.

ಯೀಸ್ಟ್ ಹಾಕಿದ ಹಿಟ್ಟಿಗೆ ನಮ್ಮ ಹವೆ ಒಳ್ಳೆಯದೇ. ಏಪ್ರಿಲ್‌ನಲ್ಲಿ ಗಂಟೆಯೊಳಗೇ ಉಬ್ಬುವುದು ಡಿಸೆಂಬರ್, ಜನವರಿಯಲ್ಲಿ ಎರಡು ಗಂಟೆ ತಗೊಳ್ಳಬಹುದು. ಆಗ ಓವನ್ ಆನ್ ಮಾಡದೆ, ಒಳಗೊಂದು ಬಟ್ಟಲು ಬಿಸಿನೀರಿಟ್ಟು ಹಿಟ್ಟನ್ನು ಪಕ್ಕದಲ್ಲಿ ಇಟ್ಟು ಬಾಗಿಲು ಮುಚ್ಚಿ.

ಪ್ರೀಹೀಟ್, ಅಂದರೆ ಓವನ್ನನ್ನು ಮೊದಲೇ ಕಾಯಿಸುವುದು, ತಪ್ಪಿಸಬೇಡಿ. ಓಟಿಜಿಗೆ 15 ನಿಮಿಷ ಬೇಕು. ಥರ್ಮಾಮೀಟರ್ ಹೇಳುವ ತನಕ ಕಾಯಿರಿ, ದೀಪ ಆರಿತು ಅಂತ ನಂಬಬೇಡಿ. ಬೇಯುವ ಸಮಯದ ಮೊದಲ ಮುಕ್ಕಾಲು ಭಾಗ ಬಾಗಿಲು ತೆಗೆಯಬೇಡಿ. ಕೇಕ್ ಟಿನ್ನನ್ನು ಅದರ ನೆತ್ತಿ ಓವನ್ನಿನ ನಟ್ಟನಡುವೆ ಬರುವ ಹಾಗೆ ಇಡಿ. ಅಂದರೆ ಜಾಲರಿ ನಡುವಿಗಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. ಪನೀರ್ ಟಿಕ್ಕಾಗೆ ಮೇಲಿನ ರಾಡ್, ಮೇಲಿನ ಮೆಟ್ಟಿಲು, 220-230. ಬಸವನಗುಡಿಯ ಪರಿಷೆಯಿಂದ ಹಸಿ ಕಡಲೆಕಾಯಿ ತಂದಿದ್ದರೆ ಸಿಪ್ಪೆ ಸಮೇತ ಒಂದೇ ಪದರ ಹರಡಿ, 170ರಲ್ಲಿ ಅರ್ಧ ಗಂಟೆ, ನಡುವೆ ಎರಡು ಸಲ ಕೈಯಾಡಿಸಿ.

ಹೊಸ ಓವನ್ ಬಂದ ದಿನ ಖಾಲಿಯಾಗಿ 15 ನಿಮಿಷ ಜೋರು ಬಿಸಿಯಲ್ಲಿ ಓಡಿಸಿ, ಕಿಟಕಿ ತೆಗೆದಿರಲಿ. ಹೊಸತರ ವಾಸನೆ, ಸ್ವಲ್ಪ ಹೊಗೆ ಹೋಗುತ್ತದೆ. ಮೊದಲ ಅಡುಗೆ ಕೇಕ್ ಆಗುವುದು ಬೇಡ, ನಾನ್‌ಖಟಾಯಿ ಮಾಡಿ. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ತುಪ್ಪ, ಅರ್ಧ ಬಟ್ಟಲು ಪುಡಿ ಸಕ್ಕರೆ, ಚಿಟಿಕೆ ಬೇಕಿಂಗ್ ಪೌಡರ್, ಏಲಕ್ಕಿ. ಉಂಡೆ ಎಲ್ಲ ಒಂದೇ ಗಾತ್ರ ಇರಲಿ, ಟ್ರೇ ತುಂಬಾ ಮೂಲೆ ಮೂಲೆಗೂ ಜೋಡಿಸಿ, 160ರಲ್ಲಿ 18-20 ನಿಮಿಷ. ತೆಗೆದ ಮೇಲೆ ಒಂದೊಂದನ್ನೂ ತಿರುಗಿಸಿ ತಳ ನೋಡಿ. ಹಿಂದಿನ ಮೂಲೆಯವು ಜಾಸ್ತಿ ಕೆಂಪಾಗಿದ್ದರೆ ಮುಂದಿನ ಸಲ ಮುಕ್ಕಾಲು ಹೊತ್ತು ಕಳೆದ ಮೇಲೆ ಟ್ರೇ ತಿರುಗಿಸಿ ಇಡಿ. ಎಲ್ಲದರ ತಳವೂ ಕಪ್ಪಾಗಿದ್ದರೆ ಟ್ರೇ ಒಂದು ಮೆಟ್ಟಿಲು ಮೇಲೆ ಹೋಗಲಿ. ತಳ ಬೆಳ್ಳಗಿದ್ದು ಮೇಲೆ ಬಣ್ಣ ಬಂದಿದ್ದರೆ ಕೆಳಗಿಳಿಸಿ. ಎಲ್ಲವೂ ಬೆಳ್ಳಗೇ ಇದ್ದರೆ ನಾಬನ್ನು 10 ಡಿಗ್ರಿ ಏರಿಸಿ, ಥರ್ಮಾಮೀಟರ್ ಏನು ತೋರಿಸುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಪಕ್ಕದ ಕಪಾಟಿನ ಬಾಗಿಲಿಗೆ ಅಂಟಿಸಿ.